ನಾಯಿಯ ಮೂಗು

ಎರಡನೇ ಮಹಾಯುದ್ಧ ಮುಗಿದ ಹನ್ನೆರಡನೇ ವರ್ಷ ದೊಡ್ಡ ಯಜಮಾನರು ಸತ್ತಾಗ, ಆಸ್ತಿಯ ವಾರಸು ತೆರಿಗೆ ಕಟ್ಟಲು ಮಗ ಪಿಯರ್ಸ್ ಕೈಯಲ್ಲಿ ಬಿಡಿಗಾಸೂ ಇರಲಿಲ್ಲ. ಇಂಗ್ಲೆಂಡಿನ ಶ್ರಾಪ್‌ಶೈರಿನ ಈ ಸೋರುವ ಬಂಗಲೆ, ಕಾಡಂಚಿನ ಜಮೀನು, ಮೆಟ್ಟಿಲ ಬಳಿಯ ಹಳೆಯ ಚಿತ್ರ, ಇಷ್ಟೇ ಇದ್ದದ್ದು. ಚಿತ್ರದಲ್ಲಿ ಒಬ್ಬ ಹುಡುಗ ಬೇಟೆನಾಯಿಯ ಕೊರಳು ತಬ್ಬಿ ನಿಂತಿದ್ದಾನೆ. ಹಣದ ಬದಲು ಆ ಚಿತ್ರವನ್ನೇ ಕೊಟ್ಟರೆ ಸರ್ಕಾರ ಒಪ್ಪುತ್ತದಂತೆ. ಬೆಲೆ ಸಾಲದಿದ್ದರೆ ಜಮೀನನ್ನೂ ಬರೆದುಕೊಡಬೇಕಂತೆ. ನಾನಿರುವ ಪುಟ್ಟ ಮನೆ ಆ ಜಮೀನಿನಲ್ಲೇ ಇದೆ. ನಲವತ್ತು ವರ್ಷ ನ್ಯಾನಿಯಾಗಿ ಈ ವಂಶದ ಮಕ್ಕಳ ಕುಂಡಿ ತೊಳೆದದ್ದಕ್ಕೆ, ಸಾಯುವತನಕ ಇದ್ದುಕೋ ಎಂದು ಯಜಮಾನರು ಬಾಯಿಮಾತಿನಲ್ಲಿ ಕೊಟ್ಟದ್ದು.

ಇಲ್ಲಿನ ಗಂಡುಮಕ್ಕಳು ಎಂಟನೇ ವಯಸ್ಸಿಗೆ ಬೋರ್ಡಿಂಗ್ ಶಾಲೆಗೆ ಹೊರಡುವ ಬೆಳಿಗ್ಗೆ ಆ ನಾಯಿಯ ಮೂಗು ಮುಟ್ಟಿ ಹೋಗಬೇಕು. ಮುಟ್ಟುವಾಗ ಇನ್ನೊಂದು ಕೈ ಚಿತ್ರದ ಹುಡುಗನ ಕೆನ್ನೆಯ ಮೇಲೆ ಊರುತ್ತಿತ್ತು. ಇನ್ನೂರು ವರ್ಷದ ಬೆರಳ ಜಿಡ್ಡು ಕೂತು ಎರಡೂ ಕಪ್ಪಿಟ್ಟಿದ್ದವು.

ಬೆಲೆ ಕಟ್ಟಲು ಸರ್ಕಾರದ ಪರಿಣತ ಬರುವ ಹಿಂದಿನ ದಿನ ನನಗೆ ಸುಮ್ಮನಿರಲಾಗಲಿಲ್ಲ. ಆಲೂಗಡ್ಡೆ ಹೋಳು ಮಾಡಿ, ಸೋಡಾಪುಡಿಯಲ್ಲಿ ಅದ್ದಿ ಉಜ್ಜಿದೆ. ದೊಡ್ಡ ಮನೆಗಳಲ್ಲಿ ಚಿತ್ರ ತೊಳೆಯುತ್ತಿದ್ದದ್ದೇ ಹಾಗೆ, ನನ್ನಮ್ಮನೂ ತೊಳೆದಿದ್ದಳು. ಕಪ್ಪು ಹೋಯಿತು. ಅದರ ಹಿಂದೆಯೇ ಮೂಗು ಹೋಯಿತು, ಕೆನ್ನೆ ಹೋಯಿತು. ಬಣ್ಣದಡಿಯ ಕ್ಯಾನ್ವಾಸ್ ಬಟ್ಟೆ ಕಂಡಾಗ ಆಲೂಗಡ್ಡೆ ಕೆಳಗಿಟ್ಟೆ.

ಪರಿಣತ ಆರ್ಮರಾಡ್ ಕನ್ನಡಕ ಏರಿಸಿ ಬಗ್ಗಿದ. "ಯಾರ್ರೀ ಇದನ್ನ ಉಜ್ಜಿದ್ದು?"

ಪಿಯರ್ಸ್ ನನ್ನ ಕಡೆ ನೋಡಲಿಲ್ಲ. "ಗೊತ್ತಿಲ್ಲ. ಹಳೇ ಚಿತ್ರ ನೋಡಿ..."

"ನಾನೇ ಸಾಹೇಬ್ರೇ," ಅಂದೆ. "ಕೊಳೆ ಇತ್ತು, ತೆಗೆದೆ."

"ಕೊಳೆ ತೆಗೆಯೋಕೆ ನಮ್ಮಲ್ಲಿ ಜನ ಇದಾರಮ್ಮ. ಬಣ್ಣ ವಾಪಸ್ ಬರಬೇಕು ಅಂದ್ರೆ ಬರೆದವನೇ ಗೋರಿಯಿಂದ ಎದ್ದು ಬರಬೇಕು!"

ಚಿತ್ರಕ್ಕೆ ಅರ್ಧ ಬೆಲೆ ಕಟ್ಟಿದರು. ಮಿಕ್ಕಿದ್ದಕ್ಕೆ ಜಮೀನು ಹೋಯಿತು.

ಮೂರು ವಾರದ ಮೇಲೆ ಪಿಯರ್ಸ್ ನನ್ನ ಬಾಗಿಲಿಗೆ ಬಂದ. ಒಳಗೆ ಬಂದು ಕೂರು ಅಂದರೂ ಕೂರಲಿಲ್ಲ.

"ಖಾಲಿ ಮಾಡಿಯೇ ಕೊಡ್ಬೇಕಂತೆ ನ್ಯಾನಿ. ಪೈನ್ ಮರ ನೆಡ್ತಾರಂತೆ. ಪೇಟೇಲಿ ವೃದ್ಧಾಶ್ರಮ ಇದೆ, ಮಾತಾಡಿದೀನಿ. ಬಿಸಿನೀರು ಬರುತ್ತೆ."

"ಒಂದು ಕೋಣೇಲಿ ಎಷ್ಟು ಜನ?"

"ಆರು."

"ನಿನ್ನ ಶಾಲೇಲಿ ಹನ್ನೆರಡು ಜನ ಇದ್ರಲ್ಲ ಮರಿ. ಹಾಗಾದ್ರೆ ನಾನೇ ಪುಣ್ಯವಂತೆ. ನೋಡೋಕಾದ್ರೂ ಬರ್ತೀಯಾ?"

"ಮೊದಲು ಅಲ್ಲಿಗೆ ಹೊಂದಿಕೋ. ಆಮೇಲೆ ನೋಡೋಣ."

ಅವನ ಕಣ್ಣು ಒಣಗಿತ್ತು. ಶಾಲೆಗೆ ಹೊರಟ ದಿನ ನನ್ನ ಕತ್ತು ಬಿಡದೆ ಅರಚಿದ್ದ ಮಗು ಇವನು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗಂಡಸಾದವನು ಅಳಬಾರದು, ಮೊದಲು ಅಲ್ಲಿಗೆ ಹೊಂದಿಕೋ ಎಂದು ಗದರಿಸಿ ಕಾರಿಗೆ ತುಂಬಿದವಳು ನಾನೇ. ಪಾಠ ಚೆನ್ನಾಗಿ ಹತ್ತಿತ್ತು. ಅವನೆದುರೇ ನಾನು ಅತ್ತುಬಿಟ್ಟೆ; ಅವನು ಟೋಪಿ ಹಾಕಿಕೊಂಡು ಹೊರಟ.