ಬೂಟಿನ ಅಳತೆ

"ಅವ್ವಾ, ಕಾಲ ಅಳ್ಳಾಡಸಬ್ಯಾಡ," ಎಂದ ನಿಲೇಶ.

ಕುಸುಮಬಾಯಿ ಸೀರೆ ಡಬ್ಬಿಯ ರಟ್ಟಿನ ಮೇಲೆ ಬಲಗಾಲು ಊರಿ ನಿಂತಿದ್ದಳು. ಮಗ ಮೊಳಕಾಲೂರಿ ಕೂತು ಅವಳ ಹಿಮ್ಮಡಿಯಿಂದ ಪೆನ್ಸಿಲ್ ಎಳೆದುಕೊಂಡು ಬರುತ್ತಿದ್ದ. ಹಿಮದ ಮೇಲೆ ಜಾರುವ ಬೂಟಿಗೆ ನಂಬರು ಬೇಕು, ನಾಡಿದ್ದರೊಳಗೆ ಕಳಿಸಿ ಎಂದು ಲಾತೂರಿನ ಟೂರಿನವರು ತಿಳಿಸಿದ್ದರು. ಐವತ್ತೇಳು ವರ್ಷ ಚಪ್ಪಲಿಯಲ್ಲೇ ಸವೆಸಿದ ಹೆಂಗಸಿನ ಬೂಟಿನ ನಂಬರು ಯಾರಿಗೆ ಗೊತ್ತು? ಬೆರಳುಗಳ ಹತ್ತಿರ ಬಂದ ಪೆನ್ಸಿಲ್ ನಿಂತುಬಿಟ್ಟಿತು. ಎರಡನೆಯ ಬೆರಳಿಗೆ ದಪ್ಪ ಬೆಳ್ಳಿಯ ಕಾಲುಂಗುರ, ಜೋಡವಿ, ಮದುವೆಯ ದಿನ ಹಾಕಿದ್ದು.

"ಇವು ತೆಗೀಬೇಕಾಗ್ತದ ಅವ್ವಾ. ಬೂಟು ಕಲ್ಲಿನಂಗ ಗಟ್ಟಿ ಇರ್ತಾವ, ಬೆರಳು ಒತ್ತಿ ಹರೀತಾವಂತ. ತೆಗೀಲಿಲ್ಲಂದ್ರ ಬೂಟು ಕೊಡಂಗಿಲ್ಲ ಅಂತ ಬರದಾರ."

ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿದ್ದ ಗಂಡ ನಾಗನಾಥ ಎದ್ದು ಕೂತ. "ಏನಂದಿ? ನಾ ಇನ್ನಾ ಜೀವಂತ ಕುಂತೀನಿ, ಈಕಿ ಜೋಡವಿ ತೆಗೀತಾಳ? ಯಾಕ, ಬಳಿನೂ ಒಡದಬಿಡ್ರಿ!"

ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಇಬ್ಬರು ಹೆಂಗಸರು ತಲೆಯೆತ್ತಿದರು. ಗಿರಾಕಿಗಳು ಕೇಳಲಿ ಎಂದೇ ನಾಗನಾಥ ದನಿ ಏರಿಸಿದ್ದ. ಅವನ ಶೌರ್ಯವೆಲ್ಲ ಹಾಗೇ, ನೋಡುವವರಿದ್ದರೆ ಮಾತ್ರ ಉಕ್ಕುತ್ತಿತ್ತು.

ನಾಗನಾಥನಿಗೆ ಗೊತ್ತಿಲ್ಲದ ಸಂಗತಿ ಉಮರ್ಗಾದಲ್ಲಿ ಯಾವುದೂ ಇರಲಿಲ್ಲ. ಉಮರ್ಗಾದ ಆಚೆಗೆ ಅವನು ಕಂಡದ್ದು ಸೋಲಾಪುರದ ಬಟ್ಟೆ ಪೇಟೆ, ಶ್ರೀಶೈಲ, ಕಪಿಲಧಾರ ಮತ್ತು ನೂರಾರು ಮದುವೆ ಚಪ್ಪರ. ದೀಪಾವಳಿಯಲ್ಲಿ ಮಗ ಎದುರಿಗೆ ಬಂದು, ಹಿಮಾಲಯಕ್ಕೆ ಹೊರಟಿದ್ದೇವೆ, ಅವ್ವನನ್ನೂ ಕರೆದೊಯ್ಯುತ್ತೇವೆ, ಕೇದಾರದ ಕಡೆಯ ಬೆಟ್ಟ ಎಂದಾಗ ಉಳಿದದ್ದನ್ನು ಕೇಳಿಸಿಕೊಳ್ಳುವ ವ್ಯವಧಾನ ಅವನಿಗಿರಲಿಲ್ಲ. ಕೇದಾರ ಪೀಠಕ್ಕೆ ಹೆಂಡತಿಯನ್ನು ಕಳಿಸುತ್ತಿದ್ದೇನೆ ಎಂದು ಓಣಿಯ ತುಂಬ ಡಂಗುರ ಹೊಡೆದ. ಚಳಿಗಾಲದಲ್ಲಿ ಗುಡಿಯ ಬಾಗಿಲು ಮುಚ್ಚಿರುತ್ತದೆ ಎಂದು ಹೇಳಿದವರನ್ನು, "ನಮ್ಮಂಥಾ ಭಕ್ತರಿಗಿ ತೆಗೀತಾರ," ಎಂದು ಅಡಗಿಸಿದ. ಹೋಗುತ್ತಿರುವುದು ಗುಡ್ಡದ ಮೇಲಿನಿಂದ ಜಾರಲಿಕ್ಕೆ ಎಂದು ತಿಳಿಯುವ ಹೊತ್ತಿಗೆ ಓಣಿಯವರು ಕುಸುಮಬಾಯಿಯ ಕೈಯಲ್ಲಿ ಕಾಣಿಕೆ ಕೊಟ್ಟಾಗಿತ್ತು.

"ನನ್ನ ಮೊಣಕಾಲು ನೋಯಲಿಲ್ಲಂದ್ರ, ಜಾರೋದು ಹ್ಯಾಂಗ ಅಂತ ನಾನೇ ಬಂದು ತೋರಸ್ತಿದ್ದೆ," ಎನ್ನುತ್ತಿದ್ದ. ಕುಣಿಯಲಾರದವರಿಗೆ ನೆಲ ಡೊಂಕು. ಹೋಗುವವರ ಸಿದ್ಧತೆಗೆಂದು ಅವನು ಕೊಟ್ಟದ್ದು ಅಟ್ಟದ ಮೇಲೆ ಹತ್ತು ವರ್ಷದಿಂದ ಹುಳ ತಿನ್ನುತ್ತಿದ್ದ, ಕಿವಿ ಮುಚ್ಚುವ ಆರು ಕಾನಟೋಪಿ. ಸೊಸೆ ಸ್ನೇಹಲ ಅವನ್ನು ಬಲು ವಿನಯದಿಂದ ತೆಗೆದುಕೊಂಡು ಕಸದವಳಿಗೆ ಕೊಟ್ಟಳು. ಅವಳ ಸಿದ್ಧತೆಯೂ ಅಷ್ಟಕ್ಕಷ್ಟೇ. ಪುಣೆಯಿಂದ ತರಿಸಿದ ಕಪ್ಪು ಕನ್ನಡಕ ಹಾಕಿಕೊಂಡು ನಿಲುಗನ್ನಡಿಯ ಮುಂದೆ ನಿಲ್ಲುವುದು, ಮೊಬೈಲಿನಲ್ಲಿ ಅಲ್ಲಿ ಎಷ್ಟು ಹಿಮ ಬಿದ್ದಿತೆಂದು ನೋಡುವುದು. ನಿಲೇಶ ತೊಗರಿಯ ಧಾರಣೆ ನೋಡುವ ಹಾಗೆ ದಿನಕ್ಕೆ ನಾಲ್ಕು ಸಲ ಹಿಮ ನೋಡುತ್ತಿದ್ದ. ಇಷ್ಟು ದೊಡ್ಡ ತಯಾರಿ ಮಾಡುವ ಗಂಡಹೆಂಡಿರು ಒಂದು ದಿನವಾದರೂ ಮೊಣಕಾಲು ಬಾಗಿಸಿದ್ದನ್ನು ಕುಸುಮಬಾಯಿ ಕಾಣಲಿಲ್ಲ.

ಬಾಗಿಸಿದವಳು ಅವಳೊಬ್ಬಳೇ. ದಿನಾ ಸಂಜೆ ಮಾಳಿಗೆ ಹತ್ತಿ, ಸೆರಗು ಸಿಕ್ಕಿಸಿ, ಗೋಡೆ ಹಿಡಿದು ಐವತ್ತು ಸಲ ಕೂತು ಏಳುತ್ತಿದ್ದಳು. ಒಡೆದ ಹಿಮ್ಮಡಿಗೆ ಮೇಣ ತುಂಬಿದ್ದಳು. ಅವಳಿಗೆ ಹೋಗಲೇಬೇಕಿತ್ತು. ಹದಿನೆಂಟಕ್ಕೆ ಈ ಮನೆಗೆ ಬಂದಮೇಲೆ ಅವಳು ಎಲ್ಲಿ ಹೋದರೂ ಒಂದು ನೆಪವಿತ್ತು. ಬಾಣಂತನ, ಮದುವೆ, ಮಣ್ಣು, ಹರಕೆ. ಬರೀ ಖುಷಿಗೆ, ಯಾರ ಪುಣ್ಯಕ್ಕೂ ಅಲ್ಲದೆ, ಒಮ್ಮೆ ಗುಡ್ಡದ ಮೇಲಿನಿಂದ ಜಾರಿ ಕೆಳಗೆ ಬಂದು ನಿಲ್ಲಬೇಕು. ಬಿದ್ದರೆ ಬೀಳಲಿ.

ಜೋಡವಿಯ ನ್ಯಾಯವನ್ನು ನಾಗನಾಥ ಸೋಮವಾರಕ್ಕೆ ಮುಂದೂಡಿದ. ಅಂದು ಮನೆತನದ ಅಯ್ಯನವರು ಸಿದ್ಧಯ್ಯ ಗುಂಜೋಟಿಯಿಂದ ಊಟಕ್ಕೆ ಬರುವವರಿದ್ದರು. "ಅಯ್ಯಾರ ಏನಂತಾರ ಅದೇ ಖರೆ," ಎಂದ. ಅಯ್ಯನವರು ಏನೆನ್ನಬೇಕು ಎಂಬುದನ್ನು ಫೋನಿನಲ್ಲಿ ಮೊದಲೇ ಹೇಳಿಟ್ಟಿದ್ದ.

ಸಿದ್ಧಯ್ಯನವರದು ಊಟಕ್ಕೆ ಮೊದಲು ಒಂದು ಶಾಸ್ತ್ರ, ಉಂಡಮೇಲೆ ಒಂದು ಶಾಸ್ತ್ರ. ಅವರು ತಟ್ಟೆಯಲ್ಲಿ ಐದನೆಯ ಹೋಳಿಗೆ ಮುರಿಯುತ್ತಿದ್ದಾಗ ನಾಗನಾಥ ಮಾತು ತೆಗೆದ. ಅಯ್ಯನವರು ಯಜಮಾನನ ಮುಖ ನೋಡಿದರು. ಆಮೇಲೆ ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದ ಯಜಮಾನಿಯ ಮುಖ ನೋಡಿದರು. ಮಿಳ್ಳೆಯಲ್ಲಿ ಇನ್ನೂ ತುಪ್ಪವಿತ್ತು.

"ಶಾಸ್ತ್ರದಾಗ ಬೂಟಿನ ಮಾತು ಬಂದಿಲ್ರಿ ಸಾವಕಾರ್ರ," ಎಂದರು. "ಕೊಳ್ಳಾಗಿನ ಲಿಂಗ ಬಿಡಬಾರದು, ಅದು ಖರೆ. ಕಾಲಾಗಿಂದು ಅಂದ್ರ... ಅದು ಗಂಡನ ಮರ್ಜಿ."

ತುಪ್ಪ ಬಿತ್ತು. ನಾಗನಾಥನ ಮುಖ ಅರಳಿತು.

"ಕೇಳ್ದಿ? ನನ್ನ ಮರ್ಜಿ. ಜೋಡವಿ ತೆಗಿಯೋದು ನಾ ಸತ್ತ ದಿನ. ಅಲ್ಲಿತನಾ ಬೂಟೂ ಇಲ್ಲ, ಬರ್ಫೂ ಇಲ್ಲ."

"ಅತ್ತಿ, ನೀವು ಬರ್ರಿ, ರೂಮಿನಾಗ ಕೂತು ಕಿಡಕಿಯಿಂದ ನೋಡ್ರಿ," ಎಂದಳು ಸ್ನೇಹಲ. "ಮಸ್ತ್ ಕಾಣ್ತದ. ನಮ್ಮ ಫೋಟೋನೂ ತೆಗೀಬಹುದು."

ಕುಸುಮಬಾಯಿ ಮಗನ ಕಡೆ ನೋಡಿದಳು. ಅವನು ಮೊಬೈಲು ನೋಡುತ್ತಿದ್ದ. "ಶುಕ್ರವಾರ ಹೊಸಾ ಬರ್ಫ ಬೀಳ್ತದಂತ. ಒಂದು ಫೂಟು," ಎಂದು ಯಾರಿಗೂ ಅಲ್ಲದಂತೆ ಹೇಳಿದ. ಒಂಬತ್ತು ತಿಂಗಳು ಹೊತ್ತದ್ದು ಇಂಥ ಒಂದು ಸೊಪ್ಪಿನ ದಂಟನ್ನೇ ಎಂದು ಅವಳಿಗೆ ಹೇಸಿಗೆಯಾಯಿತು.

ಮಿಳ್ಳೆ ಕೆಳಗಿಟ್ಟು ಬಚ್ಚಲಿಗೆ ಹೋದಳು. ಮೂವತ್ತೊಂಬತ್ತು ವರ್ಷದಲ್ಲಿ ಬೆರಳು ಊದಿ, ಜೋಡವಿ ಮಾಂಸದಲ್ಲಿ ಕೂತಿತ್ತು. ಎಣ್ಣೆ ಹಚ್ಚಿದಳು, ಸಾಬೂನು ಹಚ್ಚಿದಳು, ತಿರುವಿ ತಿರುವಿ ಎಳೆದಳು. ಚರ್ಮ ಸುಲಿಯಿತು. ಬೆರಳಿನ ಗಿಣ್ಣಿಗೆ ಬಂದು ಅದು ಸಿಕ್ಕಿಕೊಂಡಿತು. ಖರೆಯಾಗಿಯೂ ಗಂಡನಿಗೆ ಏನಾದರೂ ಆದರೆ ಎಂಬ ಹೆದರಿಕೆ ಎದೆಗೆ ಬಂದು ಕೂತಿತು. ಕಣ್ಣು ಮುಚ್ಚಿ ಕೊರಳಿನ ಲಿಂಗ ಹಿಡಿದುಕೊಂಡಳು. ಹೊರಗಿನಿಂದ ಗಂಡನ ನಗು ಕೇಳಿಸಿತು. ಅವನು ಅಯ್ಯನವರಿಗೆ, ಹೆಂಗಸರನ್ನು ಹಿಡಿತದಲ್ಲಿಡುವುದು ಹೇಗೆಂದು ಹೇಳುತ್ತಿದ್ದ. ಎರಡು ಬೆಳ್ಳಿಯ ಸುತ್ತಿನ ಮೇಲೆ ನಿಂತ ಜೀವ ಎಷ್ಟರದು ಎಂದುಕೊಂಡು ಅವಳು ಬಲವಾಗಿ ಎಳೆದಳು.

ಅವಳು ಪಡಸಾಲೆಗೆ ಬಂದಾಗ ಇಬ್ಬರೂ ಕೈ ತೊಳೆದು ಕೂತಿದ್ದರು. ಎಲೆ ಅಡಿಕೆ ತಂದಿರಬೇಕೆಂದು ನಾಗನಾಥ ಅವಳತ್ತ ನೋಡದೆಯೇ ಅಂಗೈ ಚಾಚಿದ. ಕುಸುಮಬಾಯಿ ಆ ಅಂಗೈಯಲ್ಲಿ ಜೋಡವಿ ಇಟ್ಟಳು. ಅವು ಇನ್ನೂ ಒದ್ದೆಯಾಗಿದ್ದವು.

"ಹಿಡೀರಿ. ನಿಮ್ಮ ಜೀವ ಇದರಾಗ ಅದ ಅಂದ್ರ, ನಿಮ್ಮ ಕೈಯಾಗೇ ಇರ್ಲಿ. ಒಂಬತ್ತು ದಿನಾ ಸಂಭಾಳಸ್ರಿ. ನಾ ಬರೂತನಾ ಸಾಯಬ್ಯಾಡ್ರಿ."

ನಾಗನಾಥ ಕೂಗುತ್ತಿದ್ದನೋ ಏನೋ, ಆದರೆ ಈಗಷ್ಟೇ ಹಿಡಿತದ ಪಾಠ ಕೇಳಿಸಿಕೊಂಡ ಅಯ್ಯನವರು ಎದುರಿಗಿದ್ದರು. ಸಿದ್ಧಯ್ಯನವರು ಇಂಥ ಹೊತ್ತಿನಲ್ಲಿ ಎಲ್ಲಿ ಇರಬಾರದೆಂದು ಬಲ್ಲವರು. "ಹೋಳಿಗಿ ಭಾಳ ಛಲೋ ಆಗಿದ್ದವು ತಾಯಿ," ಎನ್ನುತ್ತ ಜೋಳಿಗೆ ಹೆಗಲಿಗೇರಿಸಿದರು. ನಾಗನಾಥ ಎದ್ದು ಶರಣು ಮಾಡಬೇಕಾಯಿತು. ಬಲಗೈಯ ಮುಷ್ಟಿ ಬಿಚ್ಚುವಂತಿರಲಿಲ್ಲ. ಕಟ್ಟಿದ ಮುಷ್ಟಿಗೆ ಎಡಗೈ ಜೋಡಿಸಿ, ಹೇಗೋ ಬಾಗಿ ಮೇಲೆದ್ದ.

"ರಟ್ಟು ತಗೊಂಡು ಬಾ," ಎಂದಳು ಕುಸುಮಬಾಯಿ ಮಗನಿಗೆ. "ನಂಬರ ಇವತ್ತೇ ಕಳಸು."

ಉಂಡ ತಟ್ಟೆಗಳನ್ನೆತ್ತಿಕೊಂಡು ಅವಳು ಒಳಗೆ ನಡೆದಳು. ಸುಲಿದ ಬೆರಳು ಉರಿಯುತ್ತಿತ್ತು. ಜೋಡವಿಯ ಅಡಿಯಲ್ಲಿದ್ದ ಚರ್ಮ ಬೆಳ್ಳಗೆ, ಮೆತ್ತಗೆ ಉಳಿದಿತ್ತು. ಪುಷ್ಯಮಾಸದ ಚಳಿಗೆ ನೆಲದ ಶಹಾಬಾದಿ ಕಲ್ಲು ಅಲ್ಲಿ ತಣ್ಣಗೆ ತಾಗಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವಳು ಆ ಬೆರಳನ್ನು ಇನ್ನೊಮ್ಮೆ ನೆಲಕ್ಕೆ ಒತ್ತಿ ನೋಡಿದಳು.