ಮೂರು ಬಾಟಲಿ ಕೂಡಿಸಿದ ಎಣ್ಣಿ

ಹತ್ತಿಗೆ ಎಣ್ಣಿ ಹೊಡೆದ ಮರುದಿನ ಹುಲುಗಪ್ಪ ಬಳ್ಳಾರಿಯ ಆಸ್ಪತ್ರೆಯಲ್ಲಿ ಸತ್ತ. ಮೈಯೆಲ್ಲ ಬೆವರು, ಬಾಯಲ್ಲಿ ನೊರೆ. ಹೆಂಡತಿ ಪಾರಮ್ಮ ಎದುರಿಗೇ ನಿಂತಿದ್ದರೂ ಅವನಿಗೆ ಗುರುತು ಹತ್ತಲಿಲ್ಲ.

ಕೊಳಗಲ್ಲಿನ ಹುಲುಗಪ್ಪನಿಗೆ ಸ್ವಂತ ಹೊಲವಿರಲಿಲ್ಲ. ಬೆನ್ನಿಗೆ ಪಂಪು ಹೊತ್ತು ಮಂದಿಯ ಹತ್ತಿಗೆ ಕೀಟನಾಶಕ ಹೊಡೆಯುವುದೇ ಅವನ ಕೂಲಿ. ಊರಿನವರು ಅದನ್ನೇ ಎಣ್ಣಿ ಅನ್ನುತ್ತಾರೆ. ಆ ವಾರ ದೊಡ್ಡಬಸವರಾಜ ಗೌಡನ ಹೊಲಕ್ಕೆ ಬಿಳಿನೊಣ ಬಿದ್ದಿತ್ತು. ಒಂದು ಎಣ್ಣಿಗೆ ಅವು ಸಾಯಲಿಲ್ಲ. ಗೌಡ ಕುರುಗೋಡಿನ ಅಂಗಡಿಯಿಂದ ಮೂರು ಬಾಟಲಿ ತಂದು, ಮೂರನ್ನೂ ಒಂದೇ ಪಂಪಿಗೆ ಸುರಿಯಲು ಹೇಳಿದ. ಬೇರೆ ಯಾವುದರ ಜೊತೆಗೂ ಕೂಡಿಸಬಾರದೆಂದು ಬಾಟಲಿಯ ಮೇಲೇ ಬರೆದಿದೆ ಎಂದು ಜೊತೆಗಾರ ಅಂಜಿನಪ್ಪ ಓದಿ ತೋರಿಸಿದ. ಗೌಡ ಅವನನ್ನು ಕೆಲಸ ಬಿಡಿಸಿ ಕಳಿಸಿದ. ಕೈಗವಸು ಕೇಳಿದ ಹುಲುಗಪ್ಪನನ್ನು ನೋಡಿ ನಕ್ಕ. ಹುಲುಗಪ್ಪ ಸಂಜೆಯ ತನಕ ಎದುರುಗಾಳಿಯಲ್ಲಿ ಹೊಡೆದ. ಪಂಪು ಸೋರಿ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು.

ಪೊಲೀಸರು ಬಂದಾಗ, ಹುಲುಗಪ್ಪ ಕುಡಿದು ಬಂದಿದ್ದನೆಂದು ಗೌಡ ಹೇಳಿಕೆ ಕೊಟ್ಟ. ಒಂದು ಹನಿ ಸಾರಾಯಿ ಮುಟ್ಟದವನು ಕಾಗದದಲ್ಲಿ ಕುಡುಕನಾದ. ಅದನ್ನು ಕೇಳಿದ ದಿನ ಪಾರಮ್ಮ ಅಳುವುದನ್ನು ಬಿಟ್ಟಳು.

ಹದಿನೈದು ದಿನಕ್ಕೆ ನೊಣ ಮೊದಲಿಗಿಂತ ಹೆಚ್ಚಾದವು. ಗೌಡ ಮತ್ತೆ ಅಂಥವೇ ಮೂರು ಬಾಟಲಿ ಹಿಡಿದು ಆಳು ಕೇಳಲು ಕೇರಿಗೆ ಬಂದ. ಎಣ್ಣಿಯಿಂದ ಏನೂ ಆಗುವುದಿಲ್ಲ, ಹುಲುಗಪ್ಪ ಸತ್ತದ್ದು ಕುಡಿತದಿಂದ ಎಂದು ಎಲ್ಲರೆದುರು ಮತ್ತೆ ಅಂದ.

ಪಾರಮ್ಮ ಬಾಟಲಿಗಳನ್ನು ಇಸಿದುಕೊಂಡಳು. ಬಕೀಟಿನ ನೀರಿಗೆ ಮೂರನ್ನೂ ಸುರಿದು, ಕೋಲಿನಿಂದ ಕಲಸಿ, ಅವನ ಕಾಲ ಮುಂದಿಟ್ಟಳು.

"ಕುಡೀರಿ ಅನ್ನಂಗಿಲ್ಲ ಗೌಡ್ರ. ಅಂಗಿ ಬಿಚ್ಚಿ ಇದ್ರಾಗ ಅದ್ದಿ ತೊಟ್ಕೊಳ್ರಿ. ಸಂಜಿ ತನಕ ಇಲ್ಲೇ ಕುಂದರ್ರಿ."

ಗೌಡ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಏನೂ ಆಗಂಗಿಲ್ಲ ಅಂದ್ರಲ್ರಿ. ಮತ್ಯಾಕ ಸರದ್ರಿ?" ಅಂಜಿನಪ್ಪ ಕೇಳಿದ.

ಗೌಡ ಗಾಡಿ ಹತ್ತಿದ. ಅವನು ಸರಿದದ್ದನ್ನು ಇಡೀ ಕೇರಿ ನೋಡಿತ್ತು. ಅವನು ಹೇಳಿಕೆ ತಿದ್ದುವ ತನಕ ಅವನ ಹೊಲದಲ್ಲಿ ಯಾರೂ ಪಂಪು ಹೊರಬಾರದೆಂದು ಅವತ್ತೇ ಮಾತಾಯಿತು. ಗೌಡ ಸಿರುಗುಪ್ಪದಿಂದ ಟೆಂಪೋದಲ್ಲಿ ಆಳು ಕರೆಸಿದ. ಪಾರಮ್ಮ ದಾರಿಗಡ್ಡ ನಿಂತು ಅವರಿಗೆ ನಡೆದದ್ದನ್ನೆಲ್ಲ ಹೇಳಿದಳು. ಟೆಂಪೋ ಹಾಗೇ ತಿರುಗಿ ಹೋಯಿತು.

ವಾರದೊಳಗೆ ನೊಣ ಬಿಟ್ಟ ಅಂಟಿಗೆ ಎಲೆಗಳು ಜಿಗುಟಾಗಿ ಕಪ್ಪು ಬೂಷ್ಟು ಹಿಡಿದವು. ಒಡೆದ ಹತ್ತಿಯೂ ಮಸಿ ಬಳಿದಂತಾಯಿತು. ಗೌಡ ಒಬ್ಬನೇ ನಡೆದು ಬಂದು ಪಾರಮ್ಮನ ಬಾಗಿಲಲ್ಲಿ ನಿಂತ. ಕೈಗವಸು, ಮುಖಗವಸು ಎಲ್ಲ ತಂದಿದ್ದೇನೆ, ಆಳುಗಳಿಗೆ ಒಂದು ಮಾತು ಹೇಳು ಎಂದು ಬೇಡಿಕೊಂಡ.

ಪಾರಮ್ಮ ಜೋಳ ಹಸನು ಮಾಡುತ್ತಿದ್ದಳು. ಅವನ ಮುಖ ನೋಡಿ ಅವಳಿಗೆ ಒಂದಿಷ್ಟೂ ಕನಿಕರ ಬರಲಿಲ್ಲ.

"ಮೊದ್ಲು ಠಾಣೆಗೆ ನಡೀರಿ. ಸುಳ್ಳು ಹೇಳೀನಿ ಅಂತ ನಿಮ್ಮ ಬಾಯಿಲೇ ಹೇಳ್ರಿ. ಅಲ್ಲೀ ತನಕ ಆ ನೊಣ ಹೊಟ್ಟಿ ತುಂಬ ತಿನ್ಲಿ."