ಕಡಲು ಬಿಟ್ಟ ಪ್ರವಾಸ

ಪ್ರವಾಸದ ಪಟ್ಟಿಯಿಂದ ಮೇಷ್ಟ್ರು ಸಮುದ್ರಾನ ಮೊದಲು ಹೊಡೆದುಹಾಕಿದ. ಹೊಟ್ಟೆ ಬಿಟ್ಕೊಂಡು, ಕರಿ ಕನ್ನಡಕ ಏರಿಸ್ಕೊಂಡು, ಹಲ್ಲು ಕಿರಿದು ಫೋಟೋ ತೆಗೆಸ್ಕೊಳ್ಳೋರು ಹೋಗೋ ಜಾಗ ಅದು. ಭೂಗೋಳದ ಮೇಷ್ಟ್ರು ಹೋಗೋದೇ?

ಊಟದ ಮೇಜು ಪೂರ್ತಿ ನಕಾಶೆ. ಕೈಯಾರೆ ಬರೆದದ್ದು, ಸ್ಕೆಚ್ ಪೆನ್ನಲ್ಲಿ ಬಣ್ಣ ತುಂಬಿದ್ದು. ಅದು ಬಂದಾಗಿಂದ ಹೆಂಡತಿ ತಟ್ಟೆ ತೊಡೆ ಮೇಲಿಟ್ಕೊಂಡೇ ಉಣ್ತಾಳೆ. ಮೆಡಿಟರೇನಿಯನ್ ದಡದ ಒಂದು ದೇಶ. ನಿನ್ನೆ ಮೊನ್ನೆವರೆಗೂ ನಾಯಿನೂ ಮೂಸಿರಲಿಲ್ಲ, ಈಗ ಲೋಕಕ್ಕೆ ಲೋಕವೇ ಗಂಟುಮೂಟೆ ಕಟ್ಕೊಂಡು ಓಡ್ತಿದೆ. ಓಡೋರು ದಡಕ್ಕೆ ಓಡ್ಲಿ. ಅವನು ಒಳನಾಡಿನ ನಾಲ್ಕು ಊರುಗಳನ್ನ ಆರಿಸಿ, ಸೇತುವೆಯದೊಂದು, ಕೋಟೆಯದೊಂದು, ಸಂತೆಯದೊಂದು, ರೈಲು ಜಂಕ್ಷನ್ನೊಂದು, ಒಂದೊಂದಕ್ಕೂ ಗುಂಡುಸೂಜಿ ಚುಚ್ಚಿದ್ದ.

"ರೀ, ಒಂದೇ ಒಂದು ದಿನ. ಕಾಲು ಅದ್ದಿ ಬಂದುಬಿಡೋಣ."

ಅವಳು ಹುಟ್ಟಿದ ಮೇಲೆ ಸಮುದ್ರ ನೋಡಿದವಳಲ್ಲ. ಕೇಳಿದ್ದೂ ಇದೊಂದನ್ನೇ.

"ವಿಮಾನದಿಂದ ಕಾಣುತ್ತೆ."

"ಕತ್ತಲಲ್ಲಿ ಇಳಿಯೋದು ಅಂದ್ರಲ್ಲ."

"ನಕಾಶೇಲಿ ಇಷ್ಟು ನೀಲಿ ಬಳಿದಿದೀನಿ. ನೋಡ್ಕೋ."

ಅವಳು ನೋಡಿದಳು. ಎದ್ದು ಹೋದಳು.

ಅಷ್ಟರಲ್ಲಿ ಭಾವಮೈದನ ಫೋನು. ಮಿಕ್ಸಿ ಮಾರಿ ಮೈ ಬೆಳೆಸಿದೋನು, ಓದಿದ್ದು ಬರೀ ಮಿಕ್ಸಿ ಡಬ್ಬಿ ಮೇಲಿಂದು. ಮೇಷ್ಟ್ರು ಬೇಕಂತಲೇ ಸೇತುವೆ ಊರಿನ ಹೆಸರು ತೆಗೆದ.

"ಅಯ್ಯೋ ಭಾವ, ಅಲ್ಲಿಗಾ? ಹೋದ ವರ್ಷ ನಮ್ಮ ಬಸ್ಸು ಕೆಟ್ಟು ನಿಂತಿದ್ದೇ ಅಲ್ಲಿ. ಸೇತುವೆ ಮೇಲೆ ಕೂತು ಇಸ್ಪೀಟ್ ಆಡಿದ್ವಿ. ಗಾಳಿ ಚೆನ್ನಾಗಿದೆ."

ಫೋನಿಟ್ಟು ಆ ಸೂಜಿ ಕಿತ್ತ.

ಕಾಲೇಜಿಗೆ ಹೋದರೆ ಕೆಮಿಸ್ಟ್ರಿಯವಳು ಟಿಫನ್ ಡಬ್ಬಿ ಮುಚ್ಚಳ ತೆಗೀತಾ, "ಕೋಟೆ ಊರಾ ಸಾರ್? ನಮ್ಮ ಸೊಸೆ ಹೋಗಿದ್ಲು. ಚಪ್ಪಲಿ ಕಳ್ಕೊಂಡು ಬಂದ್ಲು" ಅಂದಳು. ಬಾಯಲ್ಲಿ ತುತ್ತು ಬೇರೆ. ಸಂಜೆ ಹಲ್ಲಿನ ಡಾಕ್ಟರು, ಇವನ ಬಾಯಿಗೆ ಎರಡು ಕೈ ತುರುಕಿ, ತಾನು ಹೋಗಿಬಂದ ಸಂತೆ ಊರನ್ನ ಹೊಗಳಿಬಿಟ್ಟ. ಬಾಯಿ ಬಿಟ್ಕೊಂಡೇ ಕೇಳಬೇಕಾಯ್ತು.

ಮನೆಗೆ ಬಂದು ಆ ಎರಡನ್ನೂ ಕಿತ್ತ. ಉಳಿದದ್ದು ಒಂದು. ರೈಲು ಬದಲಾಯಿಸೋ ಜಂಕ್ಷನ್ನು.

ಹೆಂಡತಿ ಅಡುಗೆಮನೆ ಸ್ಟೂಲ್ ಮೇಲೆ ಕೂತು, ಬೇಸಿನ್‌ನಲ್ಲಿ ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟಿದ್ದಳು. ಹಿಮ್ಮಡಿ ನೋವು, ದಿನದ ಪಾಡು. ಅವನು ನಕಾಶೆ ಎತ್ಕೊಂಡೇ ಬಂದ.

"ಸಿಕ್ತು. ಇಲ್ಲೇ ಇರೋದು, ಪೂರ್ತಿ ಹತ್ತು ದಿನ."

"ಏನಿದೆ ಅಲ್ಲಿ?"

"ಯಾರೂ ಹೋಗಿಲ್ಲ."

"ಯಾಕಂತೆ?"

ಅವನಿಗೆ ಆ ಜಂಕ್ಷನ್ನಿನ ಖಾಲಿ ಬೆಂಚು ಕಣ್ಣಿಗೆ ಕಟ್ಟಿತು. ಬೆಂಚಿನ ಮೇಲೆ ಅವನು. ಹೀಯಾಳಿಸೋಕೆ ಒಂದು ನರಪಿಳ್ಳೆ ಇಲ್ಲ. ಇವನು ಎಲ್ಲರಂಥೋನಲ್ಲ ಅಂತ ನೋಡೋಕೂ ಇಲ್ಲ.

"ನೀವು ಹೋಗ್ಬನ್ನಿ," ಅಂದಳು ಅವಳು, ಕೋಪವಿಲ್ಲದೆ. "ನಂಗೆ ಕಾಲು ನೋವು."

"ಸರಿಯಾಗಿ ನೋಡು ಮೊದ್ಲು," ಅಂತ ಬಗ್ಗಿ ಅವಳ ಮೊಣಕಾಲ ಮೇಲೆ ನಕಾಶೆ ಹರಡಿದ. ಕಡಲಿದ್ದ ಅಂಚು ಜಾರಿ ನೀರಿಗೆ ಬಿತ್ತು.

ನೀಲಿ ಬಿಟ್ಟುಕೊಳ್ಳೋಕೆ ಶುರುವಾಯ್ತು. ಎಳೆ ಎಳೆಯಾಗಿ ಇಳಿದು ಅವಳ ಪಾದ ಸುತ್ತಿ, ಹರಡಿ, ಬೇಸಿನ್ ತುಂಬ ನೀಲಿ. ಅವಳು ಕಾಲು ತೆಗೀಲಿಲ್ಲ. ಬೆರಳು ಮೆಲ್ಲಗೆ ಆಡಿಸಿದಳು.

"ಬೆಚ್ಚಗಿದೆ," ಅಂದಳು. ಅವನಿಗಲ್ಲ.

ಅವನು ನಕಾಶೆ ಮೇಲೆತ್ತಿ ಹಿಡಿದ. ತೊಟ್ಟಿಕ್ಕುತ್ತಿತ್ತು. ಕಡಲಿದ್ದ ಕಡೆ ಬರೀ ಬಿಳಿ ಹಾಳೆ. ದಡಾನೇ ಇಲ್ಲದ ದೇಶದ ನಡುಮಧ್ಯೆ ಒಂದು ಸೂಜಿ ನಿಂತಿತ್ತು.